ಕಸಿಯಜ್ಜನ ಕಣ್ಣಿಗೆ ಯಾವ ಚಾಕು?

ಮಳೆ ಹಿಡಿದು ಹದಿನೈದು ದಿನವಾಗಿತ್ತು. ಮಾವಿನ ಸಸಿಗಳಿಗೆ ಕಸಿ ಕಟ್ಟುವ ಕಾಲ. ನರ್ಸರಿಯ ಹಸಿರು ಪರದೆಯ ಕೆಳಗೆ ಕಸಿಯಜ್ಜ ಮೋಟು ಮಣೆಯ ಮೇಲೆ ಕೂತಿದ್ದ. ಎದುರಿಗೆ ಅವನ ಹೆಂಡತಿ. ನಡುವೆ, ಮಣ್ಣು ತುಂಬಿದ ಚೀಲಗಳಲ್ಲಿ ಬೆರಳು ಗಾತ್ರದ ಸಸಿಗಳು.

ನಲವತ್ತು ವರ್ಷದಿಂದ ಇವರ ಕೆಲಸ ಒಂದೇ ರೀತಿ. ಅಜ್ಜ ಸಸಿಯ ತಲೆ ಕತ್ತರಿಸಿ, ಉಳಿದ ಕಾಂಡದ ನಡುವೆ ಸೀಳುತ್ತಾನೆ. ಒಳ್ಳೆಯ ತಳಿಯ ಕಡ್ಡಿಯೊಂದರ ತುದಿಯನ್ನು ಬೆಣೆಯಂತೆ ಹೆರೆದು ಆ ಸೀಳಿಗೆ ಕೂರಿಸುತ್ತಾನೆ. ಅಜ್ಜಿ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿಯುತ್ತಾಳೆ. ಗಾಳಿ ನೀರು ಒಳಗೆ ಹೋಗಬಾರದು. ಮೂರು ವಾರ ಕಳೆದ ಮೇಲೆ ಕಡ್ಡಿ ಚಿಗುರಿದರೆ ಕಸಿ ಹತ್ತಿತು ಎಂದು ಅರ್ಥ.

ಮೊದಲೆಲ್ಲ ನೂರು ಕಟ್ಟಿದರೆ ತೊಂಬತ್ತು ಚಿಗುರುತ್ತಿದ್ದವು. ಹೋದ ಮಳೆಗಾಲದಲ್ಲಿ ಅರವತ್ತಕ್ಕೆ ಇಳಿಯಿತು. ನರ್ಸರಿಯ ಮಾಲೀಕ ಮೊನ್ನೆ ಬಂದು ಹೋದ ವರ್ಷದ ಒಣಕಲು ಸಾಲನ್ನು ಕಾಲಲ್ಲೇ ಮುಟ್ಟಿ ನೋಡಿ, “ಅಜ್ಜ, ಈ ಸಲವೂ ಹೀಗೇ ಆದ್ರೆ ನಾನು ಬೇರೆಯವರನ್ನ ಕರೆಸಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ” ಎಂದು ಹೋಗಿದ್ದ. ಅಂದಿನಿಂದ ಅಜ್ಜನಿಗೆ ಊಟ ರುಚಿಸುತ್ತಿರಲಿಲ್ಲ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗಿದ್ದ ಸಸಿ ಹಾಲಿನ ಗಾಜಿನ ಹಿಂದೆ ಇಟ್ಟಂತೆ ಕಾಣುತ್ತಿತ್ತು. ಈಗ ಅವನು ಬೆರಳಲ್ಲೇ ತಡವಿ ಸೀಳುತ್ತಿದ್ದ.

ಆ ಮಧ್ಯಾಹ್ನ ಕಣ್ಣಾಸ್ಪತ್ರೆಯ ನರ್ಸಮ್ಮ ಕೊಡೆ ಮಡಿಚುತ್ತಾ ಒಳಗೆ ಬಂದಳು. ಎರಡು ವರ್ಷದಲ್ಲಿ ಇದು ಐದನೆಯ ಸಲ. ಅವಳೂ ದಣಿದಿದ್ದಳು. ಬೋರಲು ಹಾಕಿದ ಕುಂಡದ ಮೇಲೆ ಕೂತು ಚಪ್ಪಲಿಯ ಕೆಸರು ಕೆರೆದಳು.

“ಬಂದ್ಯಾ ತಾಯಿ?” ಎಂದ ಅಜ್ಜ. “ನನ್ನ ಉತ್ತರ ಅದೇ. ಲೇಸರ್ ಮಾಡಿಸೋವಷ್ಟು ದುಡ್ಡು ಕೂಡಿದ ಮೇಲೆ ಬರ್ತೀನಿ. ಅದರಲ್ಲಿ ಚಾಕು ಇಲ್ವಂತೆ.”

“ಯಾರು ಹೇಳಿದ್ದು?”

“ಗೊಬ್ಬರದಂಗಡಿಯವನು.”

“ಅವನ ಗೊಬ್ಬರವನ್ನೇ ನೀವು ನಂಬಲ್ಲ, ಮಾತನ್ನ ನಂಬ್ತೀರಾ?” ಎಂದಳು ನರ್ಸಮ್ಮ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು.

ಅಜ್ಜ ನಗಲಿಲ್ಲ. ಕೈಯಲ್ಲಿದ್ದ ಚಾಕು ಎತ್ತಿ ತೋರಿಸಿದ. ಸಾಣೆ ಕಲ್ಲಿಗೆ ಸವೆದು ಸವೆದು ಅಲಗು ಅರ್ಧವಾಗಿತ್ತು. “ನೋಡಮ್ಮ, ನಾನು ಚಾಕು ಹಿಡಿದು ಬದುಕಿದವನು. ಹತ್ತು ಗಿಡ ಸೀಳಿದ್ರೆ ಅಲಗು ಮೊಂಡಾಗುತ್ತೆ. ಮೊಂಡು ಚಾಕು ಕತ್ತರಿಸಲ್ಲ, ಜಜ್ಜುತ್ತೆ. ಜಜ್ಜಿದ ಗಾಯ ಕೂಡಲ್ಲ. ನಿಮ್ಮ ಡಾಕ್ಟರು ದಿನಕ್ಕೆ ಇಪ್ಪತ್ತು ಕಣ್ಣು ಕೊಯ್ತಾರೆ. ಸಾಣೆ ಯಾರು ಹಿಡೀತಾರೆ? ಇಪ್ಪತ್ತನೆಯವನು ನಾನಾದ್ರೆ?”

ನರ್ಸಮ್ಮ ಕೆಸರು ಕೆರೆಯುವುದನ್ನು ನಿಲ್ಲಿಸಿದಳು. ನಾಲ್ಕು ಸಲ ಬಂದರೂ ಈ ಮಾತು ಅವನ ಬಾಯಿಂದ ಬಂದಿರಲಿಲ್ಲ.

“ಇದನ್ನ ಮೊದಲೇ ಕೇಳಬಾರದಿತ್ತಾ ಅಜ್ಜ? ಸಾಣೆ ಹಿಡಿಯೋದೇ ಇಲ್ಲ. ಉಕ್ಕಿನ ಬ್ಲೇಡು ಮುಚ್ಚಿದ ಪೊಟ್ಟಣದಲ್ಲಿ ಬರುತ್ತೆ. ನಿಮ್ಮ ಕಣ್ಣಿಗೆ ಅಂತ ಒಡೀತಾರೆ, ಕೆಲಸ ಆದಮೇಲೆ ಬಿಸಾಕ್ತಾರೆ.”

“ಒಂದೇ ಸಲಕ್ಕೆ?” ಅಜ್ಜನಿಗೆ ನಿಜವಾಗಿಯೂ ಸಂಕಟವಾಯಿತು. “ಹೊಸ ಅಲಗನ್ನ ಬಿಸಾಕ್ತಾರಾ? ಅನ್ಯಾಯ ಕಣಮ್ಮ!”

“ಇನ್ನೊಂದು ವಜ್ರದ ಚಾಕು ಅಂತಿದೆ.”

“ವಜ್ರ ಅಂದ್ರೆ... ಉಂಗುರದ್ದಾ?” ಎಂದಳು ಅಜ್ಜಿ.

“ಆ ಜಾತಿಯದ್ದೇ. ಬಹಳ ಹರಿತ, ಬೇಗ ಮೊಂಡಾಗಲ್ಲ. ಪ್ರತಿ ಸಲ ತೊಳೆದು, ಬಿಸಿ ಹಬೆಯಲ್ಲಿ ಶುದ್ಧ ಮಾಡಿ ಮತ್ತೆ ಬಳಸ್ತಾರೆ. ಆದ್ರೆ ಬೆಲೆ ಜಾಸ್ತಿ, ಎಲ್ಲಾದ್ರೂ ತಾಗಿದ್ರೆ ಅಂಚು ಮುರಿಯುತ್ತೆ. ಮೂರನೆಯದು ನಿಮ್ಮ ಲೇಸರ್. ಅದು ಬೆಳಕಿಂದ ಗಾಯ ಮಾಡುತ್ತೆ, ಪೊರೆಯನ್ನೂ ಸ್ವಲ್ಪ ಸೀಳಿ ಕೊಡುತ್ತೆ. ಆಮೇಲೆ ಪೊರೆಯ ಚೂರು ಹೊರಗೆ ತೆಗೆಯೋಕೆ, ಹೊಸ ಲೆನ್ಸು ಕೂರಿಸೋಕೆ ಡಾಕ್ಟರು ಕಣ್ಣೊಳಗೆ ಸಾಮಾನು ಹಾಕಲೇಬೇಕು. ಮುಟ್ಟದೇ ಮುಗಿಯೋ ಆಪರೇಶನ್ ಯಾವುದೂ ಇಲ್ಲ.”

“ಗಾಯ ಎಷ್ಟು ದೊಡ್ಡದು?”

“ಸಾಮಾನ್ಯವಾಗಿ ಅಕ್ಕಿಕಾಳಿನ ಅರ್ಧದಷ್ಟು. ಎಷ್ಟೋ ಸಲ ಹೊಲಿಗೆಯೂ ಬೇಕಾಗಲ್ಲ.”

“ಹೊಲಿಗೆ ಇಲ್ದೆ ಹೆಂಗೆ ಕೂಡುತ್ತೆ?”

“ನೀವು ಗಿಡಕ್ಕೆ ಹೊಲಿಗೆ ಹಾಕ್ತೀರಾ?”

ಅಜ್ಜ ಕೈಯಲ್ಲಿದ್ದ ಕಡ್ಡಿಯ ಹೆರೆದ ಮೈಯನ್ನು ಹೆಬ್ಬೆರಳಿಂದ ಸವರಿದ. ಹರಿತದ ಅಲಗು ಹೆರೆದ ಮೈ ನುಣ್ಣಗಿರುತ್ತದೆ. ಮೈಗೆ ಮೈ ಕೂಡುತ್ತದೆ. ಅದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಹಾಗಾದ್ರೆ ಮೂರರಲ್ಲಿ ಯಾವುದು ಒಳ್ಳೇದು?” ಎಂದ.

“ಮರದ ಹಿಡಿಯ ಚಾಕು, ಬೆಳ್ಳಿ ಹಿಡಿಯ ಚಾಕು, ಎರಡೂ ಹರಿತ ಇದ್ದು ಕಟ್ಟೋ ಕೈ ನಿಮ್ಮದೇ ಆದ್ರೆ ಗಿಡಕ್ಕೆ ವ್ಯತ್ಯಾಸ ಗೊತ್ತಾಗುತ್ತಾ? ಇದೂ ಹೆಚ್ಚುಕಡಿಮೆ ಹಂಗೇ. ಕೆಲವು ಕಣ್ಣಿಗೆ ಇಂಥದ್ದೇ ಬೇಕು ಅಂತಿದ್ರೆ ಡಾಕ್ಟರೇ ಹೇಳ್ತಾರೆ. ಸಾಮಾನ್ಯ ಪೊರೆಗೆ ಮೂರರಲ್ಲೂ ನೋಟ ಒಂದೇ ಥರ ಬರುತ್ತೆ. ನೀವು ಬೆಳ್ಳಿ ಹಿಡಿ ಬರಲಿ ಅಂತ ಕಾಯ್ತಾ ಕೂತ್ರಿ. ಕೊಯ್ದಿಟ್ಟ ಕಡ್ಡಿ ಎರಡು ವರ್ಷ ಕಾಯುತ್ತಾ ಅಜ್ಜ?”

ಅಜ್ಜ ಕೈಯಲ್ಲಿದ್ದ ಕಡ್ಡಿಯನ್ನು ಬೇಗನೆ ಸೀಳಿಗೆ ಕೂರಿಸಿದ.

“ನಿಮ್ಮ ಪೊರೆ ಈಗ ಗಟ್ಟಿಯಾಗಿದೆ. ಗಟ್ಟಿಯಾದಷ್ಟೂ ತೆಗೆಯೋದು ಕಷ್ಟ, ಗಾಯ ದೊಡ್ಡದು ಮಾಡಬೇಕಾಗಬಹುದು. ಹಣ್ಣಾಗಲಿ ಅಂತ ಕಾಯೋದಕ್ಕೆ ಇದು ಮಾವಿನಕಾಯಲ್ಲ.”

“ಹೋಗಿ ಬರೋಣ ಕಣ್ರೀ,” ಎಂದಳು ಅಜ್ಜಿ. ಅವಳ ದನಿಯಲ್ಲಿ ಬೇಡಿಕೆಗಿಂತ ದಣಿವೇ ಹೆಚ್ಚಿತ್ತು. “ನನಗೂ ಸಾಕಾಗಿದೆ.”

ಮುಂದಿನ ವಾರ ಹೋದರು. ಬಲಗಣ್ಣಿಗೆ ಆಪರೇಶನ್ ಆಯಿತು, ಉಕ್ಕಿನ ಬ್ಲೇಡಿನಲ್ಲಿ. ಗಟ್ಟಿ ಪೊರೆಯಾದ್ದರಿಂದ ಡಾಕ್ಟರಿಗೆ ಹೆಚ್ಚು ಹೊತ್ತು ಹಿಡಿಯಿತು, ಒಂದು ಹೊಲಿಗೆಯೂ ಬಿತ್ತು. ಅಜ್ಜ ಪೊಟ್ಟಣ ಹರಿಯುವ ಸದ್ದನ್ನು ಕಿವಿಗೊಟ್ಟು ಕೇಳಿದನಂತೆ. ತಿಂಗಳವರೆಗೆ ಮಣ್ಣು ಮುಟ್ಟುವಂತಿಲ್ಲ, ಕಣ್ಣು ಉಜ್ಜುವಂತಿಲ್ಲ, ಹೇಳಿದ ಹೊತ್ತಿಗೆ ಹನಿ ಹಾಕಬೇಕು. ನೋವು, ಕೆಂಪು ಹೆಚ್ಚಾದರೆ, ನೋಟ ಕುಂದಿದರೆ ಆ ಕ್ಷಣವೇ ಬನ್ನಿ ಎಂದು ಕಳಿಸಿದರು. ಹನಿ ಹಾಕುವ ಕೆಲಸ ಅಜ್ಜಿಯದು.

“ಕಣ್ಣಿಗೆ ಹಾಕೇ, ಕೆನ್ನೆಗಲ್ಲ!” ಎಂದು ಅಜ್ಜ ದಿನವೂ ಗೊಣಗುತ್ತಿದ್ದ.

“ನೀವು ಅಲ್ಲಾಡ್ತೀರಿ,” ಎನ್ನುತ್ತಿದ್ದಳು ಅವಳು.

ತಿಂಗಳು ಕಳೆದು ಅಜ್ಜ ನರ್ಸರಿಗೆ ಬಂದ. ಹೆಚ್ಚಿನ ಸಾಲುಗಳು ಬೇರೆಯವರ ಕೈಗೆ ಹೋಗಿದ್ದವು. ಮಾಲೀಕ ಕೊನೆಯ ಎರಡು ಸಾಲು ಉಳಿಸಿದ್ದ. “ಇವು ಹತ್ತಿದ್ರೆ ಮುಂದಿನ ಮಳೆಗಾಲವೂ ನಿಮ್ಮದೇ,” ಎಂದಿದ್ದ.

ಶುರು ಮಾಡುವ ಮುಂಚೆ ಅಜ್ಜ ಆಪರೇಶನ್ನಿಗೆ ಮುಂಚೆ ತಾವಿಬ್ಬರೂ ಕಟ್ಟಿದ್ದ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಅರ್ಧಕ್ಕರ್ಧ ಒಣಗಿದ್ದವು. ಒಂದರ ಪಟ್ಟಿ ಬಿಚ್ಚಿದ. ಸೀಳು ನೇರವಾಗಿತ್ತು, ಬೆಣೆ ಸರಿಯಾಗಿ ಕೂತಿತ್ತು. ಬೆರಳು ತನಗೆ ಮೋಸ ಮಾಡಿರಲಿಲ್ಲ. ಆದರೆ ಪಟ್ಟಿ ಸೀಳಿನ ಮೇಲುತುದಿಯನ್ನು ಮುಚ್ಚಿರಲೇ ಇಲ್ಲ. ನೀರು ಇಳಿದು ಒಳಗೆ ಕಪ್ಪಾಗಿತ್ತು. ಇನ್ನೊಂದು ಬಿಚ್ಚಿದ. ಅದೂ ಹಾಗೇ. ಮತ್ತೊಂದು.

ತಲೆಯೆತ್ತಿ ಹೆಂಡತಿಯನ್ನು ನೋಡಿದ. ಎರಡು ವರ್ಷದ ಮೇಲೆ ಅವಳು ಕೆಲಸ ಮಾಡುವುದು ಅವನಿಗೆ ನೆಟ್ಟಗೆ ಕಂಡಿತು. ಅವಳು ಪಟ್ಟಿಯ ತುದಿಯನ್ನು ಮೂಗಿನ ಹತ್ತಿರ ಹಿಡಿದು ಹುಡುಕುತ್ತಿದ್ದಳು.

“ನಿನಗೂ ಕಾಣ್ಸಲ್ವೇನೇ?”

ಅವಳು ಪಟ್ಟಿ ಕೆಳಗಿಟ್ಟಳು. “ಇಬ್ಬರೂ ಒಟ್ಟಿಗೆ ಮಲಗಿದ್ರೆ ಹನಿ ಹಾಕೋರು ಯಾರು? ನಿಮ್ಮದು ಮೊದಲು ಆಗಲಿ ಅಂತ ಸುಮ್ಮನಿದ್ದೆ.”

“ಎಷ್ಟು ದಿನದಿಂದ?”

“ನಿಮಗೆ ಶುರುವಾದ ಸ್ವಲ್ಪ ದಿನಕ್ಕೆ.”

ಅಜ್ಜ ಚಾಕು ಮಡಿಚಿದ. ಎರಡು ವರ್ಷ ಅವಳು ಕೈ ಹಿಡಿದು ರಸ್ತೆ ದಾಟಿಸಿದ್ದಳು, ತಟ್ಟೆಯಲ್ಲಿ ಕಲ್ಲು ಕೂದಲು ನೋಡಿ ಬಡಿಸಿದ್ದಳು. ತಾನು ಲೇಸರಿನ ದಾರಿ ಕಾಯುತ್ತಿದ್ದಾಗ ಅವಳು ತನ್ನ ಸರದಿಯ ದಾರಿ ಕಾಯುತ್ತಿದ್ದಳು.

“ಈ ಎರಡು ಸಾಲು ಮುಗೀಲಿ, ಆಮೇಲೆ ಹೋಗೋಣ,” ಎಂದಳು ಅವಳು.

“ಕಟ್ಟೋದು ನಾನೇ ಕಟ್ತೀನಿ. ನೀನು ನಾಳೆ ನರ್ಸಮ್ಮನ ಜೊತೆ ಹೊರಡ್ತೀಯ. ಹನಿ ನಾನು ಹಾಕ್ತೀನಿ, ಕೆನ್ನೆಗಲ್ಲ.”

ಅವಳು ನಕ್ಕಳು. ಅಜ್ಜನಿಗೆ ನಗು ಬರಲಿಲ್ಲ. ನಾಳೆ ಅವಳ ಕಣ್ಣು ಬಂದರೂ ಆ ಎರಡು ವರ್ಷದ ಋಣ ತೀರುವಂಥದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ಮತ್ತೆ ಚಾಕು ಬಿಚ್ಚಿ ಒಂದು ಸಸಿ ಸೀಳಿದ, ಕಡ್ಡಿ ಕೂರಿಸಿದ. ಒಂದು ಹೊಸ ಪಟ್ಟಿ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ, ಎಳೆಯಷ್ಟೂ ಸಂದಿ ಬಿಡದಂತೆ ಸುತ್ತತೊಡಗಿದ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಯಾರಾದರೂ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎನ್ನುತ್ತಿರಬಹುದು, ಲೋಟದ ಹೊರಗೆ ಚಹಾ ಬಗ್ಗಿಸುತ್ತಿರಬಹುದು. ಚಾಕು ಯಾವುದೆಂಬ ಚಿಂತೆ ಡಾಕ್ಟರಿಗೆ ಬಿಡಿ. ಸಂಶಯವಿದ್ದರೆ ಅಜ್ಜನಂತೆ ಬಾಯಿಬಿಟ್ಟು ಕೇಳಿ, ಆದರೆ ಅವನಷ್ಟು ತಡಮಾಡಬೇಡಿ. ಕಣ್ಣು ತೋರಿಸಲು ಹೊರಟಾಗ, ನಿಮ್ಮ ಕೈ ಹಿಡಿದು ನಡೆಸುವವರ ಕಣ್ಣನ್ನೂ ಅಂದೇ ತೋರಿಸಿ. ಅವರಾಗಿ ಹೇಳುವುದಿಲ್ಲ.