ಮಳೆನೀರು ಮಾತ್ರ

ನನ್ನ ತಮ್ಮನಿಗೆ ‘ನೊಣದ ಮೇಷ್ಟ್ರು’ ಅಂತ ಹೆಸರಿಟ್ಟವನು ನಾನೇ. ಅವನು ಮೇಷ್ಟ್ರಲ್ಲ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಸಹಾಯಕ. ಗಾಜಿನ ಕೊಳವೆ ತೊಳೆದು ಬೋರಲು ಹಾಕುವುದು, ಸೀಸೆಗಳಿಗೆ ಚೀಟಿ ಅಂಟಿಸುವುದು, ಮಕ್ಕಳು ಚೆಲ್ಲಿದ್ದನ್ನು ಒರೆಸುವುದು, ಇಷ್ಟು ಕೆಲಸ. ಮನೆಗೆ ಬಂದರೆ ಕೈಕಾಲು ತೊಳೆದು ಹಿಂದಿನ ಕೋಣೆ ಸೇರಿಬಿಡುತ್ತಿದ್ದ. ನಮ್ಮಮ್ಮ ಇದ್ದಾಗ ಅಲ್ಲಿ ಬಟ್ಟೆ ಒಗೆಯುತ್ತಿದ್ದರು. ಎರಡು ಗೋಡೆಗೂ ಕಿಟಕಿ, ಮಧ್ಯಾಹ್ನದವರೆಗೆ ಹದವಾದ ಬಿಸಿಲು. ಕಿತ್ತುಹಾಕಿದ್ದ ಹಳೇ ಬಾಗಿಲೊಂದನ್ನು ಇಟ್ಟಿಗೆಗಳ ಮೇಲೆ ಮಲಗಿಸಿ, ಅದರ ಮೇಲೆ ನೀರಿನ ತಟ್ಟೆಗಳಲ್ಲಿ ತನ್ನ ಗಿಡಗಳ ಕುಂಡಗಳನ್ನು ಜೋಡಿಸಿಕೊಂಡಿದ್ದ.

ಎಂಥ ಗಿಡಗಳು! ಒಂದು ಬಾಯಿ ತೆರೆದುಕೊಂಡೇ ಕೂತಿರುತ್ತದೆ, ನೊಣ ಬಂದು ಕೂತರೆ ತಟ್ಟನೆ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಎಲೆಯ ತುದಿಗೆ ಮುಚ್ಚಳವಿರುವ ಹೂಜಿ ನೇತುಹಾಕಿಕೊಂಡು, ಒಳಗೆ ಜಾರಿದ ಇರುವೆಯನ್ನು ಕರಗಿಸಿ ಕುಡಿಯುತ್ತದೆ. ಮತ್ತೊಂದು ಬೆರಳುದ್ದದ್ದು, ಮೈತುಂಬ ಕೆಂಪು ಕೂದಲು, ಕೂದಲ ತುದಿಗೆಲ್ಲ ಅಂಟಿನ ಹನಿ. ಸೊಳ್ಳೆ ಕೂತರೆ ಮುಗಿಯಿತು. ಇವುಗಳ ಪಕ್ಕದಲ್ಲಿ, ಪಿಂಗಾಣಿ ಕುಂಡದಲ್ಲಿ, ಒಂದು ಆರ್ಕಿಡ್.

“ಏನ್ ಮೇಷ್ಟ್ರೇ, ಮಕ್ಕಳ ಊಟ ಆಯ್ತಾ? ನೊಣ ಬೇಯಿಸಿ ಹಾಕಿದ್ರೋ, ಹಸೀದೋ?” ಅಂತ ನಾನು ಬಾಗಿಲಲ್ಲಿ ನಿಂತು ಕೆಣಕುತ್ತಿದ್ದೆ.

“ಹಸೀದೇ ಅಣ್ಣ. ಬೇಯಿಸಿದ್ರೆ ನೀನು ಪಾಲಿಗೆ ಬರ್ತೀಯ” ಅನ್ನುತ್ತಿದ್ದ, ತಲೆ ಎತ್ತದೆ.

ನಾನು ತರಕಾರಿ ಬೆಳೆಯುವವನು. ಮನೆಯ ಹಿಂದೆಯೇ ಒಂದೂವರೆ ಎಕರೆ. ಬದನೆ, ಟೊಮೆಟೊ, ಎಲೆಕೋಸು, ಮೆಣಸಿನಕಾಯಿ. ಮೂವತ್ತು ವರ್ಷ ಮಣ್ಣಲ್ಲಿ ಕೈಯಿಟ್ಟವನು. ಮಾರುಕಟ್ಟೆಯಲ್ಲಿ ನನ್ನ ಬುಟ್ಟಿ ಇಳಿಸಿದರೆ “ಅವನ ಕೈಗುಣ ನೋಡಿ, ಒಣಕಡ್ಡಿ ಊರಿದ್ರೂ ಚಿಗುರುತ್ತೆ” ಅನ್ನುತ್ತಿದ್ದರು. ಆ ಮಾತನ್ನು ಕೇಳಿ ಕೇಳಿ ನಾನೂ ನಂಬಿಕೊಂಡಿದ್ದೆ.

ಆ ಆರ್ಕಿಡ್ಡನ್ನು ತಮ್ಮ ಐದು ವರ್ಷದ ಹಿಂದೆ ಒಂದು ಹೋಟೆಲಿನ ಕಸದ ತೊಟ್ಟಿಯಿಂದ ಎತ್ತಿ ತಂದಿದ್ದ. ಹೂ ಮುಗಿಯಿತು ಅಂತ ಅವರು ಎಸೆದಿದ್ದರು. ಸೊರಗಿದ ಎರಡು ಎಲೆ, ಕೊಳೆತ ಬೇರು. ಅದರ ಹೂವು ಯಾವ ಬಣ್ಣದ್ದು ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಕೊಳೆತದ್ದನ್ನು ಕತ್ತರಿಸಿ, ಮರದ ತೊಗಟೆಯ ಚೂರುಗಳಲ್ಲಿ ಕೂರಿಸಿ, ಐದು ವರ್ಷ ಕಾದ. ಈ ಸಲ ಒಂದು ದಂಟು ಎದ್ದಿತು. ಬಟ್ಟೆ ಕ್ಲಿಪ್ಪಿನಿಂದ ಅದನ್ನು ಒಂದು ಕಡ್ಡಿಗೆ ಆನಿಸಿದ್ದ. ಏಳು ಮೊಗ್ಗು. ದಿನಾ ಬೆಳಿಗ್ಗೆ ಎಣಿಸುತ್ತಿದ್ದ, ರಾತ್ರೋರಾತ್ರಿ ಯಾರಾದರೂ ಒಂದನ್ನು ಕದ್ದೊಯ್ದಿರಬಹುದು ಅನ್ನುವ ಹಾಗೆ.

ಅಷ್ಟರಲ್ಲಿ ಅವನಿಗೆ ಬೇರೆ ಊರಿನಲ್ಲಿ ಹನ್ನೆರಡು ದಿನದ ತರಬೇತಿ ಬಂತು. ಹೋಗುವ ದಿನ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದ. ‘ತಟ್ಟೆಗಳಿಗೆ ಮಳೆನೀರು ಮಾತ್ರ. ಆರ್ಕಿಡ್ಡಿಗೆ ವಾರಕ್ಕೊಮ್ಮೆ. ಬೇರೇನೂ ಬೇಡ.’ ‘ಮಾತ್ರ’ದ ಕೆಳಗೆ ಎರಡು ಗೆರೆ.

“ನೀರು ಹಾಕೋದನ್ನ ನಂಗೆ ಹೇಳ್ಕೊಡ್ತೀಯೇನೋ?” ಅಂದೆ.

“ಹೇಳ್ಕೊಡ್ತಿಲ್ಲ ಅಣ್ಣ, ಬೇಡ್ಕೋತಿದೀನಿ. ಸೂರಿನ ನೀರು ಡ್ರಮ್ಮಲ್ಲಿದೆ. ನಲ್ಲೀದೂ ಬೇಡ.” ಚೀಲ ಹೆಗಲಿಗೇರಿಸಿ ನಕ್ಕ. “ಮೊದಲನೇದು ನಾನಿಲ್ದಾಗ ಅರಳಿದ್ರೆ ನೀನೇ ನೋಡಿರು. ಹೆಂಗಿತ್ತು ಅಂತ ಹೇಳು.”

ಎರಡನೇ ದಿನ ನನ್ನ ಹೆಂಡತಿ ಅಕ್ಕಪಕ್ಕದ ಇಬ್ಬರು ಹೆಂಗಸರನ್ನು ಮೊಗ್ಗು ತೋರಿಸಲು ಕರೆತಂದಳು. ಅವರು ನನ್ನ ಟೊಮೆಟೊ ಸಾಲುಗಳ ಮಧ್ಯೆಯೇ ನಡೆದು ಬಂದರು. ಗಿಡ ಬಗ್ಗುವಷ್ಟು ಕಾಯಿ ಜೋತಿದ್ದವು. ಇಬ್ಬರೂ ಅತ್ತ ಕಣ್ಣೆತ್ತಿ ನೋಡಲಿಲ್ಲ. ಹಿಂದಿನ ಕೋಣೆಯಿಂದ “ಅಯ್ಯೋ, ಎಷ್ಟು ಮುದ್ದಾಗಿದೆ!” ಅನ್ನುವುದು ಕೇಳಿಸಿತು. ನಾನು ಕಳೆ ಕೀಳುತ್ತಿದ್ದೆ, ಕೀಳುತ್ತಲೇ ಇದ್ದೆ.

ಅವರು ಹೋದ ಮೇಲೆ ಒಳಗೆ ಹೋಗಿ ಗಿಡಗಳನ್ನು ನೋಡಿದೆ. ಮಣ್ಣೇ ಇಲ್ಲ. ಬರೀ ಪಾಚಿ. ಹಿಂಡಿದರೆ ನೀರು, ಬೇರೆ ಸತ್ವವಿಲ್ಲ. ಪಾಪ, ಉಪವಾಸ ಕೆಡವಿದ್ದಾನೆ, ಅದಕ್ಕೇ ಇವು ನೊಣ ತಿಂದು ಬದುಕುತ್ತಿವೆ ಅಂದುಕೊಂಡೆ. ಹಾಗಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅವನು ಬರುವಷ್ಟರಲ್ಲಿ ಗಿಡಗಳು ಎರಡರಷ್ಟಾಗಿ, “ಇದು ಅಣ್ಣನ ಕೈ ಬಿದ್ದದ್ದಕ್ಕೆ” ಅಂತ ಎಲ್ಲರೂ ಅನ್ನಬೇಕಿತ್ತು. ಅವನ ಬಾಯಿಂದಲೂ ಅದು ಬರಬೇಕಿತ್ತು.

ತೋಟದ ಮೂಲೆಯ ತೊಟ್ಟಿಯಲ್ಲಿ ಸಗಣಿ, ಕಡಲೆಹಿಂಡಿ ಕೊಳೆಹಾಕಿದ ನೀರು ಇರುತ್ತದೆ. ಬದನೆಗೆ ಅದು ಅಮೃತ. ಬಟ್ಟೆಯಲ್ಲಿ ಸೋಸಿ, ಬದನೆಗೆ ಬೆರೆಸುವುದಕ್ಕಿಂತ ಎರಡರಷ್ಟು ನೀರು ಬೆರೆಸಿ, ಎಲ್ಲ ಕುಂಡಗಳಿಗೂ ಒಂದೊಂದು ಲೋಟ ಹೊಯ್ದೆ. ಹೆಚ್ಚು ನೀರು ಬೆರೆಸಿದ್ದನ್ನೇ ದೊಡ್ಡ ಎಚ್ಚರಿಕೆ ಅಂದುಕೊಂಡೆ.

ಆರನೇ ದಿನ ಒಂದು ಮೊಗ್ಗು ಅರಳಿತು. ಬೆಳಿಗ್ಗೆ ನಾನೊಬ್ಬನೇ ಅಲ್ಲಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ, ನೀರಿನ ಮೋಟಾರು ಹಾಕಿದ್ದು ಮರೆತು ಕೋಸಿನ ಪಾತಿ ಕೆರೆಯಾಗಿತ್ತು. ಚೆಂದಕ್ಕೆ ನಿಂತೆ ಅಂತ ಹೇಳಿದರೆ ಅರ್ಧ ಸುಳ್ಳು. ಗೊಬ್ಬರ ಹಿಡಿಯಿತು, ನೋಡು! ಅಂತ ಎದೆ ಉಬ್ಬಿತ್ತು. ಆ ಸಂತೋಷದಲ್ಲೇ ಹೋಗಿ ಇನ್ನೊಂದು ಸಲ ಸೋಸಿ ತಂದು ಹೊಯ್ದೆ. ಈ ಸಲ ಅಷ್ಟು ನೀರೂ ಬೆರೆಸಲಿಲ್ಲ.

ಎಂಟನೇ ದಿನ ಪಾಚಿಯ ಮೇಲೆ ಲೋಳೆ ಕಟ್ಟಿತು. ನೊಣ ಹಿಡಿಯುವ ಬಾಯಿಗಳು ಅಂಚಿನಿಂದ ಕಪ್ಪಾಗುತ್ತಾ ಬಂದು, ಹತ್ತನೇ ದಿನ ಸುಟ್ಟ ಕಾಗದದಂತೆ ಮುದುಡಿದವು. ಕೆಂಪು ಕೂದಲಿನದು ಹನಿ ಕಳೆದುಕೊಂಡು ಒಣಗಿತು. ಆರ್ಕಿಡ್ಡಿನ ಮೊಗ್ಗುಗಳು ಹಳದಿಯಾಗಿ ಒಂದೊಂದೇ ಕಳಚಿದವು. ಅರಳಿದ್ದ ಹೂವೂ ಜೋತು ಉದುರಿತು. ನಾನು ಮಾಡಿದ್ದೇನು? ತಟ್ಟೆಗಳ ನೀರು ಚೆಲ್ಲಿ, ಸೋಪು ಹಾಕಿ ತೊಳೆದು, ಮಳೆನೀರು ತುಂಬಿಸಿಟ್ಟೆ. ಗಿಡ ಉಳಿಸುವುದಕ್ಕಲ್ಲ, ವಾಸನೆ ಹೋಗಲಿ ಅಂತ. ಬಿದ್ದ ಹೂವನ್ನು ಜೇಬಿಗೆ ಹಾಕಿಕೊಂಡು ಹೋಗಿ ಬದನೆ ಬುಡದಲ್ಲಿ ಹೂತೆ.

“ಆ ಕೋಣೇಲಿ ಸಗಣಿ ವಾಸನೆ ಯಾಕ್ರೀ?” ಅಂದಳು ಹೆಂಡತಿ.

“ನನ್ನ ಕಾಲಿಂದು” ಅಂದೆ.

ಹನ್ನೆರಡನೇ ದಿನ ಮಧ್ಯಾಹ್ನ ತಮ್ಮ ಬಂದ. ಹೆಗಲ ಚೀಲ ಇಳಿಸದೆ ನೇರ ಒಳಗೆ ಹೋದ. ನಾನು ಕಳೆ ಇಲ್ಲದ ಸಾಲಿನಲ್ಲಿ ಕಳೆ ಹುಡುಕುತ್ತಾ ಕೂತಿದ್ದೆ. ಬಹಳ ಹೊತ್ತಾದ ಮೇಲೆ ಅವನ ಕಾಲು ನನ್ನ ಎದುರು ಬಂದು ನಿಂತವು.

“ಅಣ್ಣ, ಯಾವತ್ತಿಂದ ಹಿಂಗಾಯ್ತು?”

“ನಾಲ್ಕು ದಿನ ಆಗಿರ್ಬೇಕು.”

“ಮಳೆನೀರೇ ಹಾಕಿದ್ಯಲ್ಲ?”

“ಅದನ್ನೇ.”

“ಒಂದಾದ್ರೂ ಅರಳಿತ್ತಾ?”

“ಇಲ್ಲ” ಅಂದೆ. ಅಷ್ಟು ಸಲೀಸಾಗಿ ಬಂತು.

ಅವನು ಸೂರಿನ ಕಡೆ ನೋಡಿದ. “ಹಂಗಾದ್ರೆ ಡ್ರಮ್ಮೇ. ಎರಡು ತಿಂಗಳ ಹಿಂದೆ ಸೂರಿನ ನೀರು ಇಳಿಯೋ ತಗಡಿನ ದೋಣಿಗೆ ಬಣ್ಣ ಬಳಿದೆನಲ್ಲ, ಅದು ನೀರಿಗೆ ಇಳಿದಿದೆ. ಥೂ, ನಾನೇ ಕೊಂದೆ.” ಆಮೇಲೆ ನನ್ನ ಹೆಗಲು ಮುಟ್ಟಿದ. “ಸುಮ್ನೆ ನಿಂಗೆ ತೊಂದ್ರೆ ಕೊಟ್ಟೆ. ದಿನಾ ಅದನ್ನ ನೋಡಿ ನಿಂಗೂ ಬೇಜಾರಾಗಿರ್ಬೇಕು.”

ಸಂಜೆ ಅವನು ಡ್ರಮ್ಮು ಖಾಲಿ ಮಾಡಲು ನಿಂತ. ತುಂಬಿದ ಡ್ರಮ್ಮು, ಒಬ್ಬನಿಗೆ ಅಲುಗಲಿಲ್ಲ. “ಅಣ್ಣ, ಒಂದು ಕೈ ಹಾಕು” ಅಂದ. ನಾನು ಕೈ ಹಾಕಿದೆ. ಇಬ್ಬರೂ ಸೇರಿ ಬಗ್ಗಿಸಿದೆವು. ತಿಳಿಯಾದ ನೀರು ಅಂಗಳದ ಉದ್ದಕ್ಕೂ ಹರಿದು ಹೋಯಿತು. ಅವನು ಒಳಗೆ ತಲೆ ತೂರಿಸಿ ತೆಂಗಿನ ನಾರಿನಿಂದ ಉಜ್ಜತೊಡಗಿದ. ನಾನು ನೋಡುತ್ತಾ ನಿಂತೆ.

ಊಟಕ್ಕೆ ಕೂತಾಗ ನನ್ನ ಹೆಂಡತಿ, “ಹೋಗ್ಲಿ ಬಿಡಪ್ಪ, ಇನ್ನೊಂದು ತಂದ್ರಾಯ್ತು” ಅಂದಳು.

“ಬೇಡ ಅತ್ತಿಗೆ. ಅಣ್ಣ ಆವತ್ತೇ ಹೇಳಿದ್ದ, ನಂಗೆ ಕೈಗುಣ ಇಲ್ಲ ಅಂತ.”

ಅವಳು ನನ್ನ ಮುಖ ನೋಡಿದಳು. ನನಗೆ ಆ ಮಾತು ನೆನಪಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಗ ಅವನಿಗೆ ಹದಿನಾಲ್ಕು. ಅವನು ಕೋಸಿನ ಬೀಜ ಬಿತ್ತಿದ ಸಸಿಮಡಿಯಲ್ಲಿ ಒಂದೂ ಮೊಳೆಯಲಿಲ್ಲ. ಕೂಲಿಯವರ ಎದುರಿಗೇ ನಾನು, “ನಿನ್ನ ಕೈಗುಣ ಸರಿಯಿಲ್ಲ, ಬೀಜ ಮುಟ್ಬೇಡ” ಅಂದಿದ್ದೆ. ಅವನು ಮತ್ತೆ ಮುಟ್ಟಲಿಲ್ಲ. ನಾನು ಆಡಿ ಮರೆತಿದ್ದೆ. ಅವನು ಇಪ್ಪತ್ತೆಂಟು ವರ್ಷ ಇಟ್ಟುಕೊಂಡಿದ್ದ. ಆಗಲೂ ನಾನು ಬಾಯಿ ಬಿಡಲಿಲ್ಲ. ಮಜ್ಜಿಗೆ ಕುಡಿದು ಎದ್ದೆ.

ಮರುದಿನ ಬೆಳಿಗ್ಗೆ ಅವನು ಎಲ್ಲ ಕುಂಡಗಳನ್ನೂ ಒಂದು ಬುಟ್ಟಿಯಲ್ಲಿ ಹೊತ್ತು ನನ್ನ ಗೊಬ್ಬರದ ಗುಂಡಿಯ ಹತ್ತಿರ ಬಂದ. ಬದುಕಿದ್ದ ಹೂಜಿ ಗಿಡವೂ ಅದರಲ್ಲಿತ್ತು. ಆರ್ಕಿಡ್ಡೂ ಇತ್ತು, ಬೋಳು ದಂಟಿಗೆ ಕ್ಲಿಪ್ಪು ಹಾಗೇ ಕಚ್ಚಿಕೊಂಡಿತ್ತು.

“ಇಲ್ಲೇ ಸುರೀಲಾ ಅಣ್ಣ? ನಿನ್ನ ಬದನೆಗೆ ಗೊಬ್ಬರವಾದ್ರೂ ಆಗ್ಲಿ.”

ನಾನು ಬುಟ್ಟಿಯ ಅಂಚು ಹಿಡಿದುಕೊಂಡೆ. “ಡ್ರಮ್ಮಲ್ಲ ಕಣೋ” ಅಂದೆ. “ಗೊಬ್ಬರದ ನೀರು. ನಾನು ಹಾಕಿದೆ.”

ಅವನು ಬೈಯಲಿಲ್ಲ. ಪ್ರಯೋಗಶಾಲೆಯವರ ಹಾಗೆ ಕೇಳಿದ. “ಎಷ್ಟು?”

“ಒಂದೊಂದು ಲೋಟ. ಎರಡು ಸಲ.”

“ಎರಡನೇ ಸಲ ಯಾಕೆ?”

“ಮೊದಲನೇದು ಹಾಕಿದ್ಮೇಲೆ ಹೂ ಅರಳಿತು. ಅದರಿಂದಾನೇ ಅಂದ್ಕೊಂಡೆ.”

“ಅರಳಿತಾ?” ಅವನ ದನಿ ಮೊದಲ ಬಾರಿಗೆ ಬದಲಾಯಿತು. “ಅದು ಹೆಂಗಿದ್ರೂ ಅರಳ್ತಿತ್ತು ಅಣ್ಣ. ಯಾವ ಬಣ್ಣ?”

ನನಗೆ ತರಕಾರಿಯ ಭಾಷೆ ಬಿಟ್ಟರೆ ಬೇರೆ ಗೊತ್ತಿಲ್ಲ. “ಎಳೆ ಸೌತೆಕಾಯಿ ಸಿಪ್ಪೆ ಹೆರೆದ್ರೆ ಒಳಗಿರುತ್ತಲ್ಲ, ಹಂಗೆ. ಪೂರಾ ಬಿಳಿಯಲ್ಲ. ನಡುವೆ ಬೀಟ್‌ರೂಟ್ ಹೆಚ್ಚಿದ ಕೈ ತಾಗಿದಂಗೆ ಚುಕ್ಕೆ. ಐದೋ ಆರೋ.”

“ಎಣಿಸ್ಲಿಲ್ವಾ?”

“ಇಲ್ಲ.”

“ಪರಿಮಳ?”

“ಗೊಬ್ಬರದ ವಾಸನೇಲಿ ಗೊತ್ತಾಗ್ಲಿಲ್ಲ.”

ಅವನು ಮೂಗಿನಿಂದ ಒಂದು ಸದ್ದು ಮಾಡಿದ. ನಗು ಅಂದುಕೊಂಡು ನಾನೂ ಮುಖ ಸಡಿಲಿಸಿದೆ. ನಗುವಾಗಿರಲಿಲ್ಲ. ಬುಟ್ಟಿಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಕೋಣೆಗೆ ವಾಪಸ್ ಹೊತ್ತೊಯ್ದ.

ಗೊಬ್ಬರದ ಸಾರ ಬೇರು ಸುಡುತ್ತಿತ್ತು, ಉಳಿದದ್ದನ್ನಾದರೂ ಈಗಲೇ ಶುದ್ಧ ನೀರಲ್ಲಿ ತೊಳೆಯಬೇಕಿತ್ತು. ಮಳೆನೀರು ಒಂದು ಹನಿ ಇರಲಿಲ್ಲ. ಶಾಲೆಯ ಪ್ರಯೋಗಶಾಲೆಯಲ್ಲಿ ಭಟ್ಟಿ ಇಳಿಸಿದ ನೀರಿನ ಕ್ಯಾನುಗಳಿರುತ್ತವೆ. ಶಾಲೆಯದೊಂದು ಬೆಂಕಿಕಡ್ಡಿಯನ್ನೂ ಮನೆಗೆ ತರದವನು ಮುಖ್ಯೋಪಾಧ್ಯಾಯಿನಿಯ ಮೇಜಿನ ಮುಂದೆ ನಿಂತು ಎರಡು ಕ್ಯಾನು ಬೇಡಿದ. ಹೊರುವುದಕ್ಕೆ ಅಂತ ನಾನು ಹಿಂದೆ ನಿಂತಿದ್ದೆ.

“ಏನಾಯ್ತು ಗಿಡಗಳಿಗೆ?” ಅಂದರು ಆಕೆ.

“ಡ್ರಮ್ಮಿನ ನೀರು ಕೆಟ್ಟಿತ್ತು ಮೇಡಂ” ಅಂದ ತಮ್ಮ.

“ಡ್ರಮ್ಮಲ್ಲ ಮೇಡಂ. ಬೇಡ ಅಂದ್ರೂ ನಾನು ಗೊಬ್ಬರ ಹಾಕಿದೆ” ಅಂದೆ. ಆಕೆ ನನ್ನನ್ನೂ ಅವನನ್ನೂ ನೋಡಿ ಬೀಗದ ಕೈ ಕೊಟ್ಟರು.

ಕ್ಯಾನು ಹೊತ್ತು ಬರುವಾಗ ಅವನು ಮುಂದೆ, ನಾನು ಹಿಂದೆ. ಗೇಟು ದಾಟಿದ ಮೇಲೆ ಕೇಳಿದ, “ಅವರಿಗ್ಯಾಕೆ ಹೇಳ್ದೆ?”

“ನಿಜ ಅಲ್ವೇನೋ?”

“ನಿಜ ನಿನ್ನೆ ಬೇಕಿತ್ತು. ನಿನ್ನೆ ಡ್ರಮ್ ತುಂಬಿತ್ತು.”

ಕ್ಯಾನನ್ನು ಇನ್ನೊಂದು ಹೆಗಲಿಗೆ ಬದಲಿಸಿ ಮುಂದೆ ನಡೆದ.

ಗಿಡ ತೊಳೆಯುವಾಗ ನನ್ನನ್ನು ಕೂರಿಸಿಕೊಂಡ. “ಹಿಡಿ”, “ಬಗ್ಗಿಸು”, “ಸಾಕು”. ಅವನು ಹೇಳಿದಷ್ಟು ಮಾಡಿದೆ. ಸತ್ತ ಬೇರನ್ನು ಬೆರಳಲ್ಲಿ ಒತ್ತಿ ನೋಡಿ, ಟೊಳ್ಳಾದದ್ದನ್ನು ಕತ್ತರಿಸಿ, ಗಟ್ಟಿ ಇದ್ದದ್ದನ್ನು ಬಿಟ್ಟ. ಅವನ ಬೆರಳು ಅಷ್ಟು ಹಗುರವಾಗಿ ಓಡುವುದನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನೊಣದ ಗಿಡ, ಕೂದಲ ಗಿಡ ಉಳಿಯಲಿಲ್ಲ. ಆರ್ಕಿಡ್ಡಿಗೆ ಎರಡು ಬೇರು, ಒಂದು ಎಲೆ. ಹೂಜಿ ಗಿಡಕ್ಕೆ ಒಂದು ಹೂಜಿ.

ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತಾ, “ಇನ್ಮೇಲೆ ಈ ಕೋಣೆಗೆ ಬರ್ಬೇಡ ಅಣ್ಣ” ಅಂದ. ಕೋಪದಲ್ಲಲ್ಲ, ಸೀಸೆಗೆ ಚೀಟಿ ಅಂಟಿಸುವಷ್ಟು ಸಮಾಧಾನದಲ್ಲಿ.

“ಸರಿ” ಅಂದೆ.

ಅದಾಗಿ ಎಂಟು ತಿಂಗಳಾಯಿತು. ನನ್ನ ಜೊತೆ ಮಾತಾಡುತ್ತಾನೆ, ಊಟಕ್ಕೆ ಪಕ್ಕದಲ್ಲೇ ಕೂರುತ್ತಾನೆ, ಮಾರುಕಟ್ಟೆಗೆ ಬುಟ್ಟಿ ಏರಿಸಲು ಕೈ ಕೊಡುತ್ತಾನೆ. ಎಲ್ಲಿಗಾದರೂ ಹೋಗಬೇಕಾದಾಗ ಗಿಡಗಳನ್ನು ನನ್ನ ಹೆಂಡತಿಗೆ ಒಪ್ಪಿಸುತ್ತಾನೆ. ಮೊನ್ನೆಯೂ ಹೋಗಿದ್ದ. ಅವಳು ಚೊಂಬು ಹಿಡಿದು ಆ ಕೋಣೆಯಿಂದ ಹೊರಗೆ ಬಂದು, ಬಾಗಿಲು ಹಾಕಿಕೊಂಡು, ಜಗಲಿಯಲ್ಲಿ ಕೂತಿದ್ದ ನನ್ನನ್ನು ನೋಡಿ ನಿಂತಳು.

“ಆರ್ಕಿಡ್ಡು ಹೆಂಗಿದೆ ಅಂತ ಕೇಳೋದಿಲ್ವೇನ್ರೀ?”

“ನೀನು ಮಳೆನೀರು ಹಾಕಿದ್ಯಲ್ಲ, ಸಾಕು ಬಿಡು” ಅಂದು, ಮೆಣಸಿನ ಸಾಲಿಗೆ ನೀರು ತಿರುಗಿಸಲು ಎದ್ದೆ.