ಶುಕ್ರವಾರದ ತೂಕ

ಡಯಾಲಿಸಿಸ್ ಕೇಂದ್ರದ ಗುಮಾಸ್ತೆ ಮಿಲೂದಾಳಿಗೆ ಹೊಸ ಡಾಕ್ಟರು ವಹಿಸಿದ ಕೆಲಸ ಇಷ್ಟೇ: ನಲವತ್ತು ರೋಗಿಗಳ ಅಂಕಿಗಳಿದ್ದ ಎಕ್ಸೆಲ್ ಶೀಟನ್ನು ಮನುಷ್ಯರು ಓದುವ ಹಾಗೆ ಮಾಡಬೇಕು. ಹಿಂದೆ ಇದ್ದ ಯಾರೋ ಪುಣ್ಯಾತ್ಮರು ಕಾಲಮ್ಮಿಗೊಂದು ಅಕ್ಷರದ ಹೆಸರಿಟ್ಟು ಹೋಗಿದ್ದರು. ಯಾವುದು ಬಂದಾಗಿನ ತೂಕ, ಯಾವುದು ಹೋಗುವಾಗಿನ ತೂಕ, ಯಾವುದು ರಕ್ತದೊತ್ತಡ, ದೇವರಿಗೇ ಗೊತ್ತು. ಡಾಕ್ಟರ್ ಬೆನ್ನೂನಾ ರಾಜಧಾನಿ ರಬಾತಿನಿಂದ ಕುಂಬಾರರ ಊರಾದ ಸಫಿಗೆ ಬಂದು ಇನ್ನೂ ಒಂದು ತಿಂಗಳು. ಶೀಟು ನೋಡಿ ಹಣೆ ಚಚ್ಚಿಕೊಂಡರು.

"ಲಲ್ಲಾ ಮಿಲೂದಾ, ಇಪ್ಪತ್ತು ವರ್ಷದಿಂದ ಇಲ್ಲಿದ್ದೀರಿ. ನೀವೇ ಇದಕ್ಕೊಂದು ಗತಿ ಕಾಣಿಸಿ," ಎಂದು ಗೌರವದಿಂದಲೇ ಕೇಳಿಕೊಂಡರು.

ಮಿಲೂದಾಳಿಗೆ ಬೇಗ ಮನೆಗೆ ಹೋಗಿ ಮಾಡುವುದೇನೂ ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ಆ ಎರಡು ಕೋಣೆಗಳಲ್ಲಿ ಬೆಳಿಗ್ಗೆ ಇಟ್ಟ ಲೋಟ ಸಂಜೆಗೂ ಇಟ್ಟಲ್ಲೇ ಇರುತ್ತಿತ್ತು. ಐವತ್ತಾರರ ವಯಸ್ಸಿಗೆ ಇದೆಲ್ಲ ಒಗ್ಗಬೇಕಿತ್ತು. ಒಗ್ಗಿರಲಿಲ್ಲ.

ಅವಳು ಕಾಲಮ್ಮುಗಳಿಗೆ ಬಾಯಿ ತುಂಬ ಹೆಸರು ಕೊಟ್ಟಳು. ತಾರೀಕಿನ ಪಕ್ಕ ವಾರ ಬರೆದಳು. ರಂಜಾನು, ಹಬ್ಬ, ತನಗೆ ಗೊತ್ತಿದ್ದ ಮದುವೆಗಳನ್ನೂ ಬಿಡಲಿಲ್ಲ. 'ಕಳೆದ ಸಲದಿಂದ ಏರಿದ್ದು' ಎಂದು ಹೊಸದೊಂದು ಕಾಲಮ್ಮು ಸೇರಿಸಿದ್ದೇ ತಡ, ಅಷ್ಟು ದಿನ ಮೂಕವಾಗಿದ್ದ ಶೀಟು ಮಾತಾಡತೊಡಗಿತು.

ಕಿಡ್ನಿ ಕೈಕೊಟ್ಟವರು ತಿಂದದ್ದರ, ಕುಡಿದದ್ದರ ನೀರೆಲ್ಲ ಯಂತ್ರ ತೆಗೆಯುವವರೆಗೂ ಮೈಯಲ್ಲೇ ಉಳಿಯುತ್ತದೆ. ಮಂಗಳ, ಗುರು, ಶನಿವಾರ ಬರುವ ಗುಂಪಿನವರೆಲ್ಲ ಗುರುವಾರಕ್ಕಿಂತ ಶನಿವಾರ ಒಂದು ಕಿಲೋ ಹೆಚ್ಚು ತೂಗುತ್ತಿದ್ದರು. ಯಾಕೆಂದು ಮಿಲೂದಾಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಮನೆಮಂದಿಯೆಲ್ಲ ಒಂದೇ ಹರಿವಾಣದ ಸುತ್ತ ಕೂತು ಆವಿಯಲ್ಲಿ ಬೆಂದ ರವೆಯ ಕುಸ್ಕುಸ್ ತಿನ್ನುವಾಗ ನೀರು, ಉಪ್ಪು ಕಡಿಮೆ ಮಾಡಿ ಎಂಬ ಡಾಕ್ಟರ ಮಾತು ಯಾರಿಗೆ ನೆನಪಿರುತ್ತದೆ?

ಒಂದು ಸಾಲು ಮಾತ್ರ ಕದಲಿರಲಿಲ್ಲ. ಮುದಿ ಕುಂಬಾರ ಬೂಶೈಬನದು, ಎಲ್ಲರೂ ಗೌರವದಿಂದ 'ಸಿ ಬೂಶೈಬ್' ಎನ್ನುತ್ತಿದ್ದವನದು. ಗುರುವಾರ ಎಂಟುನೂರು ಗ್ರಾಂ ಏರಿದರೆ ಶನಿವಾರವೂ ಎಂಟುನೂರೇ. ಹೋಗುವಾಗ ಯಾವತ್ತೂ ಅರವತ್ತೊಂದು ಕಿಲೋ.

ಡಾಕ್ಟರಿಗೆ ಅವನೆಂದರೆ ಅಚ್ಚುಮೆಚ್ಚು. "ಸಿ ಬೂಶೈಬರನ್ನ ನೋಡಿ ಕಲೀರಿ," ಎಂದು ಎಲ್ಲರಿಗೂ ಹೇಳುತ್ತಿದ್ದರು.

"ಅವರು ಮೆರುಗು ಹಚ್ಚಿ ಸುಟ್ಟ ಮಡಕೆ ಡಾಕ್ಟ್ರೇ, ನೀರು ಹೀರಲ್ಲ," ಎಂದು ಪಕ್ಕದ ಹಾಸಿಗೆಯ ರಹ್ಮಾ ಕಿಚಾಯಿಸಿದಳು. "ನಾವು ಹಸಿ ಮಣ್ಣು."

ಎಲ್ಲರೂ ನಕ್ಕರು. ಬೂಶೈಬನೂ ನಕ್ಕ. ಮಿಲೂದಾ ಅವನ ಸೊಂಟದ ಬೆಲ್ಟು ನೋಡುತ್ತಿದ್ದಳು. ಅದರಲ್ಲಿ ಇನ್ನಷ್ಟು ಬಿಗಿಯಲೆಂದು ಮೊಳೆಯಿಂದ ಹೊಡೆದ ಎರಡು ಹೊಸ ತೂತುಗಳಿದ್ದವು.

"ನಿನ್ನೆ ಊಟಕ್ಕೆ ಏನ್ರೀ ಸಿ ಬೂಶೈಬ್?" ಎಂದು ಕೇಳಿದಳು.

"ಏನು ಅಂದ್ರೆ? ಶುಕ್ರವಾರ ಅಲ್ವಾ ತಂಗೀ. ಸೊಸೆ ಏಳು ತರಕಾರಿ ಹಾಕಿ ಕುಸ್ಕುಸ್ ಮಾಡಿದ್ಲು. ಮೊಮ್ಮಕ್ಕಳೆಲ್ಲ ಸೇರಿದ್ರು. ತಿಂದೂ ತಿಂದೂ ಸಾಕಾಯ್ತು."

ಏಳು ತರಕಾರಿ. ಕೆಳಮನೆಯ ಹೆಂಗಸು ಶುಕ್ರವಾರದ ಊಟದ ಬಗ್ಗೆ ಕೇಳಿದಾಗಲೆಲ್ಲ ಮಿಲೂದಾಳೂ ಅದನ್ನೇ ಹೇಳುತ್ತಿದ್ದಳು: ಅಣ್ಣನ ಮನೆ, ಏಳು ತರಕಾರಿ. ಹೇಳಿ ಮೇಲೆ ಬಂದು, ಬಾಗಿಲು ಹಾಕಿಕೊಂಡು, ರೊಟ್ಟಿ ಮುರಿದು ಆಲಿವ್ ಕಾಯಿಯ ಜೊತೆ ನುಂಗುತ್ತಿದ್ದಳು. ಆ ಸುಳ್ಳಿನ ಗುರುತು ಅವಳಿಗಲ್ಲದೆ ಇನ್ನಾರಿಗೆ ಹತ್ತಬೇಕು?

ಮೇಜಿಗೆ ಮರಳಿ ಬೂಶೈಬನ ಸಾಲನ್ನು ಕೊನೆಯವರೆಗೂ ಎಳೆದು ನೋಡಿದಳು. 'ತುರ್ತಿಗೆ ಕರೆಯಬೇಕಾದ ನಂಬರು' ಎಂಬಲ್ಲಿ ಹತ್ತು ಅಂಕಿಗಳಿದ್ದವು. ಬೇರೆ ಯಾರಾದರೂ ನೋಡಿದ್ದರೆ ಸೊಸೆಯದೇ ಇರಬೇಕೆಂದು ಮುಂದೆ ಹೋಗುತ್ತಿದ್ದರು. ಆದರೆ ಅದು ಇದೇ ಕೇಂದ್ರದ ನಂಬರು. ಅವಳ ಮೇಜಿನ ಮೇಲಿದ್ದ ಫೋನಿನದು. ಅವನಿಗೆ ಏನಾದರೂ ಆದರೆ ಇಲ್ಲಿಂದ ಇಲ್ಲಿಗೇ ಫೋನು ಮಾಡಬೇಕಿತ್ತು.

ರಕ್ತದೊತ್ತಡದ ಕಾಲಮ್ಮು ನೋಡಿದಾಗ ಅವಳಿಗೆ ಕೂರಲಾಗಲಿಲ್ಲ. ಚಳಿಗಾಲದಲ್ಲಿ ನೂರಮೂವತ್ತಿದ್ದದ್ದು ನೂರೆಪ್ಪತ್ತಕ್ಕೆ ಬಂದಿತ್ತು.

"ಡಾಕ್ಟ್ರೇ, ಈ ಮನುಷ್ಯ ಊಟಾನೇ ಮಾಡ್ತಿಲ್ಲ."

"ಮಾಡದಿದ್ರೆ ತೂಕ ಇಳೀಬೇಕಲ್ವಾ? ಅರವತ್ತೊಂದರಲ್ಲೇ ಇದೆ."

"ಇಳಿಯೋದು ಹೇಗೆ? ಅರವತ್ತೊಂದು ಬಂದ ತಕ್ಷಣ ಯಂತ್ರ ನಿಲ್ಲಿಸ್ತೀವಿ. ಹೋದ ವರ್ಷ ಬರೆದ ಗುರಿ ಅದು. ಮೈ ಕರಗಿ ಆ ಜಾಗದಲ್ಲಿ ನೀರು ತುಂಬಿದ್ರೆ ನಮಗೆ ಹೇಗೆ ಗೊತ್ತಾಗತ್ತೆ? ಅವರಿಗೆ ಶುಕ್ರವಾರಾನೇ ಇಲ್ಲ, ನೋಡಿ."

"ಕುಸ್ಕುಸ್ ಲೆಕ್ಕ ಹಿಡಿದು ವೈದ್ಯ ಮಾಡೋಕಾಗತ್ತಾ ಲಲ್ಲಾ?" ಎಂದು ಡಾಕ್ಟರು ನಗಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು. ಶೀಟನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದರು. ಎದ್ದುಹೋಗಿ ಬೂಶೈಬನ ಕಾಲು ಒತ್ತಿದರು. ಬೆರಳಿನ ಗುಳಿ ಹಾಗೇ ಉಳಿಯಿತು. ಬೆನ್ನಿಗೆ ಸ್ಟೆಥಾಸ್ಕೋಪು ಇಟ್ಟು ಆಲಿಸಿದರು.

"ರಾತ್ರಿ ಮಲಗಿದ್ರೆ ಉಸಿರು ಕಟ್ಟತ್ತಾ?"

"ಕೂತೇ ನಿದ್ದೆ ಮಾಡ್ತೀನಿ," ಎಂದ ಬೂಶೈಬ. "ಯಾರಿಗೂ ತೊಂದರೆ ಇಲ್ಲವಲ್ಲ."

ಇನ್ನೊಂದೆರಡು ವಾರ ಬಿಟ್ಟಿದ್ದರೆ ಕೂತಲ್ಲೇ ಮುಗಿಯುತ್ತಿತ್ತು ಎಂದು ಡಾಕ್ಟರು ಆಮೇಲೆ ಮಿಲೂದಾಳೊಬ್ಬಳಿಗೇ ಹೇಳಿದರು. ಅಂದಿನಿಂದಲೇ ಗುರಿಯನ್ನು ಸ್ವಲ್ಪಸ್ವಲ್ಪವಾಗಿ ಐವತ್ತೆಂಟಕ್ಕೆ ಇಳಿಸತೊಡಗಿದರು.

ಮುಂದಿನ ಶುಕ್ರವಾರ ಮಿಲೂದಾ ಕಿಡ್ನಿ ರೋಗಿಗಳಿಗೆ ಆಗದ ಲವಣ ಇಳಿದುಹೋಗಲೆಂದು ತರಕಾರಿಯನ್ನು ಎರಡು ಸಲ ಬೇಯಿಸಿ, ನೀರು ಬಸಿದು, ಉಪ್ಪಿಲ್ಲದ ಕುಸ್ಕುಸ್ ಮಾಡಿ, ಬಟ್ಟೆ ಮುಚ್ಚಿದ ಹರಿವಾಣ ಹೊತ್ತು ಕುಂಬಾರರ ದಿಣ್ಣೆ ಹತ್ತಿದಳು. ಬೂಶೈಬ ಬಾಗಿಲನ್ನು ಅರ್ಧ ತೆರೆದು ಅಡ್ಡ ನಿಂತ. ಹಿಂದಿನ ಮೇಜಿನ ಮೇಲೆ ಒಂದು ತುಂಡು ರೊಟ್ಟಿ, ಒಂದು ಲೋಟ.

"ಸೊಸೆ ಈಗ ತಾನೇ ಹೊರಗೆ ಹೋದ್ಲು," ಎಂದ.

"ನಮ್ಮ ಅಣ್ಣನ ಮನೆಯವರೂ ಈಗ ತಾನೇ ಹೊರಗೆ ಹೋದ್ರು," ಎಂದಳು ಮಿಲೂದಾ.

ಬೂಶೈಬ ಬಾಗಿಲು ಪೂರ್ತಿ ತೆರೆದು, ಇನ್ನೊಂದು ಚಮಚ ಹುಡುಕಲು ಒಳಗೆ ಹೋದ. ಸಿಗುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಶನಿವಾರ ಅವನ ಸಾಲಿನಲ್ಲಿ ಒಂದು ಕಿಲೋ ಆರುನೂರು ಏರಿತ್ತು.

"ಮಡಕೇನೂ ನೀರು ಹೀರೋಕೆ ಶುರು ಮಾಡ್ತು," ಎಂದಳು ರಹ್ಮಾ.

ಡಾಕ್ಟರು ಬೂಶೈಬನನ್ನು ಗದರಿದರು, ಆದರೆ ಜೋರಾಗಿ ಅಲ್ಲ. ಮಿಲೂದಾ ಆ ಅಂಕಿಯ ಪಕ್ಕ 'ಶುಕ್ರವಾರ' ಎಂದು ಟಿಪ್ಪಣಿ ಬರೆದಳು. ಆಮೇಲೆ ಸಾಲಿನ ಕೊನೆಗೆ ಹೋಗಿ ಕೇಂದ್ರದ ನಂಬರು ಅಳಿಸಿ ತನ್ನ ಮೊಬೈಲಿನ ನಂಬರು ಹಾಕಿದಳು.

"ಯಾರ ನಂಬರು ತಂಗೀ ಅದು?" ಎಂದು ಬೂಶೈಬ ಕುರ್ಚಿಯಿಂದಲೇ ಕೇಳಿದ.

"ನಿಮ್ಮ ಸೊಸೇದು. ಅದೇ, ಏಳು ತರಕಾರಿ ಹಾಕೋಳು."

ಆ ಸಂಜೆ ಮನೆಗೆ ಹೋಗಿ ಫೋನಿನ ಸದ್ದು ಪೂರ್ತಿ ಜೋರು ಮಾಡಿ ಕೈಗೆಟಕುವಲ್ಲಿ ಇಟ್ಟುಕೊಂಡಳು. ವರ್ಷಗಟ್ಟಲೆ ಅದು ಒಮ್ಮೆಯಾದರೂ ರಿಂಗಾಗಲಿ ಎಂದು ಕಾದವಳು, ಅವತ್ತು ರಿಂಗಾಗದಿರಲಿ ಎಂದು ಬೇಡಿಕೊಂಡಳು.