ಸಡಿಲ ಸಾಲುಗಳು

"ಥತ್, ಇವತ್ತೂ ಇದೇ ಗತಿ!" ಕಲಾವತಿ ಹಲ್ಲು ಕಚ್ಚಿ ಕಡ್ಡಿ ಎಳೆದು ಹೆಣಿಗೆ ಬಿಚ್ಚತೊಡಗಿದಳು. ಊಟ ಮುಗಿಸಿದ ಅತ್ತೆ ಜಾನಕಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದರು. ಸ್ಟ್ರೋಕ್ ಹೊಡೆದ ಮೇಲೆ ಅವರ ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಹೆಣೆದ ಸಾಲುಗಳು ಬೆರಳು ತೂರುವಷ್ಟು ಬಾಯಿ ಬಿಟ್ಟಿದ್ದವು.

ನೂಲೆಲ್ಲ ಸಾಕ್ಸ್ ಹೆಣೆದು ಉಳಿದದ್ದು. ಪೆರುಂಗುಡಿಯ ಆಫೀಸಿನ ಏಸಿಗೆ ಮಗ ಭೋಜರಾಜನ ಕಾಲು ಮರಗಟ್ಟುತ್ತದೆಂದು ಜಾನಕಮ್ಮ ಈ ಬೇಯುವ ತಮಿಳು ಊರಿನಲ್ಲೂ ವರ್ಷಗಟ್ಟಲೆ ಸಾಕ್ಸ್ ಹೆಣೆದಿದ್ದರು. ಈಗ ಮಿಕ್ಕ ಬಣ್ಣಬಣ್ಣದ ಉಂಡೆಗಳಿಂದ ಮೊಮ್ಮಗಳು ನಿಖಿತಾಳ ಹೊಸ ಮನೆಯ ಸೋಫಾಗೊಂದು ಹೊದಿಕೆ. ವೇಲಚೇರಿಯ ಗೃಹಪ್ರವೇಶಕ್ಕೆ ಬಂದವರೆದುರು ಈ ಜೋಲನ್ನು ಹಾಸುವುದೇ? ಅತ್ತೆಗೆ ಹೇಳಲು ಬಾಯಿ ಬಾರದು. ಅದಕ್ಕೇ ದಿನಾ ಮಧ್ಯಾಹ್ನ ಕಳ್ಳಿಯ ಹಾಗೆ ಬಿಚ್ಚುವುದು, ಬೆವರುಗೈಯಲ್ಲಿ ಬಿಗಿಯಾಗಿ ಹೆಣೆದಿಡುವುದು. ಬಿಗಿದಷ್ಟೂ ಹೊದಿಕೆ ಗಿಡ್ಡವಾಗುತ್ತಿತ್ತು. ಮಗಳು ನಿಖಿತಾಳಿಗೆ ಫೋನಿನಲ್ಲಿ ಗೋಳು ಹೇಳಿಕೊಂಡರೆ, "ವಿಡುಮ್ಮಾ, ಅಪ್ಪಡಿಯೇ ಇರುಕ್ಕಟ್ಟುಂ" ಎಂದಳು. ಹಾಗೇ ಇರಲಂತೆ! ಆಡಿಕೊಳ್ಳುವವರ ಬಾಯಿ ಇವಳು ಮುಚ್ಚುತ್ತಾಳೆಯೇ?

ಸಂಜೆ ಜಾನಕಮ್ಮ ಹೊದಿಕೆಯನ್ನು ತೊಡೆಯ ಮೇಲೆ ಹರಡಿಕೊಂಡರು.

"ಬೆಳಿಗ್ಗೆ ಒಂದು ಗೇಣು ಹೆಣ್ದಿದ್ದೆ ಕಣೋ ಭೋಜ. ಈಗ ನೋಡಿದ್ರೆ ನಾಲ್ಕು ಬೆರಳೂ ಇಲ್ಲ. ಕೈಯಂತೂ ಹೋಯ್ತು, ತಲೇನೂ ಕೆಡ್ತೇನೋ."

"ವಯಸ್ಸಾಯ್ತಲ್ಲಮ್ಮ, ಮರೆವು" ಎಂದ ಭೋಜರಾಜ, ಮೊಬೈಲಿನಿಂದ ತಲೆಯೆತ್ತದೆ.

ಕಲಾವತಿ ಎದ್ದು ಅಡುಗೆಮನೆಗೆ ಹೋದಳು. ತಾನೇ ಬಿಚ್ಚಿದ್ದೆಂದು ಹೇಳಿದರೆ ಅತ್ತೆಯ ಕೈ ಹೋಯಿತೆಂದು ಒಪ್ಪಿದಂತೆ, ಹೇಳದಿದ್ದರೆ ತಲೆ ಹೋಯಿತೆಂದು ಒಪ್ಪಿದಂತೆ. ಅವಳಿಗೆ ತನ್ನ ಮೇಲೇ ರೇಗಿತು. ಒಲೆಯ ಮೇಲೆ ಪಾತ್ರೆ ಕುಕ್ಕಿದಳು.

ಮರುದಿನ ಮಧ್ಯಾಹ್ನ ಹೊದಿಕೆ ಎತ್ತಿಕೊಂಡವಳು ಹಾಗೇ ನಿಂತಳು. ನಿನ್ನೆ ತಾನು ಹೆಣೆದಿಟ್ಟ ನೀಲಿ ಸಾಲುಗಳು ಇರಲಿಲ್ಲ. ಅದೇ ನೀಲಿ ನೂಲು, ಯಾರೋ ಬಿಚ್ಚಿ ಮತ್ತೆ ಹೆಣೆದಂತೆ, ಜೋತುಕೊಂಡು ಬಾಯಿ ಬಿಟ್ಟಿತ್ತು.

"ನಂಗೆ ಮಧ್ಯಾಹ್ನ ನಿದ್ದೆ ಬರಲ್ಲ ಕಣೇ ಕಲಾ" ಎಂದರು ಜಾನಕಮ್ಮ, ಗೋಡೆಯ ಕಡೆಯೇ ಮುಖ ಮಾಡಿ. "ಮೊದ್ಲಿಂದ್ಲೂ ಬರಲ್ಲ. ನಿನ್ನೆ ಭೋಜನ ಮುಂದಾದ್ರೂ ಹೇಳ್ತೀಯೇನೋ ಅಂತ ಕಾದೆ."

"ಅತ್ತೆ, ನಾಲ್ಕು ಜನ ನೋಡ್ತಾರೆ ಅಂತ..."

"ನೋಡ್ಲಿ." ಅವರು ಎಡಗೈ ಊರಿ ಎದ್ದು ಕೂತು ಕಡ್ಡಿಗಳಿಗೆ ಕೈ ಚಾಚಿದರು. "ಉಂಡೆ ಹಿಡ್ಕೋ. ಉರುಳಿ ಹೋಗತ್ತೆ."

ಕಲಾವತಿ ನೆಲದ ಮೇಲೆ ಕೂತಳು. ಅವಳ ಬೆರಳುಗಳ ನಡುವಿನಿಂದ ನೂಲು ಒಮ್ಮೆ ಜಗ್ಗಿ, ಒಮ್ಮೆ ನಿಂತು, ಮತ್ತೆ ಜಗ್ಗಿ ಮೇಲಕ್ಕೆ ಹೋಗುತ್ತಿತ್ತು.